ಒಂದೇ ಹಾಳೆ, ಎರಡು ಧಾರಾವಾಹಿ

ಅಮ್ಮ ತೀರಿಕೊಂಡ ಮೇಲೆ ಶಿಕಾರಿಪುರದ ಮನೆಯಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸುತ್ತಿದ್ದೆ. ಹಾಗೇ ಕಪಾಟು ತೆಗೆದಾಗ ಕೈಗೆ ಸಿಕ್ಕಿದ್ದು, ಅಮ್ಮ ದಬ್ಬಳದಲ್ಲಿ ಪುಸ್ತಕ ಮಾಡಿ ಹೊಲಿದಿಟ್ಟಿದ್ದ ಪತ್ರಿಕೆಯ ಧಾರಾವಾಹಿ.

ಕಥೆಗಳಿಗೇ ಹೆಸರಾಗಿದ್ದ ಮಹಿಳಾ ಪತ್ರಿಕೆ ಅದು. ಬಸ್ ನಿಲ್ದಾಣದ ಅಂಗಡಿಯಿಂದ ಅಮ್ಮ ಒಂದು ಪ್ರತಿ ತರುತ್ತಿದ್ದಳು. ಓದಿ, ತನ್ನ ಧಾರಾವಾಹಿಯ ಹಾಳೆ ಬಿಡಿಸಿಕೊಂಡು, ಉಳಿದದ್ದನ್ನು ಬಸ್ಸಿನಲ್ಲಿ ಸೊರಬದ ತಂಗಿಗೆ ಕಳಿಸುತ್ತಿದ್ದಳು. ಚಿಕ್ಕಮ್ಮ ಹೊಲಿದಿಡುತ್ತಿದ್ದುದು ಇನ್ನೊಂದು ಧಾರಾವಾಹಿ. ಎರಡರ ನಡುವೆ ಅಡುಗೆ ಪುಟಗಳಿರುತ್ತಿದ್ದುದರಿಂದ ತಕರಾರಿರಲಿಲ್ಲ. ಬರಬರುತ್ತಾ ಪತ್ರಿಕೆ ತೆಳ್ಳಗಾಯಿತು. ಕಥೆ ಇದ್ದಲ್ಲೆಲ್ಲ ಮುಖಕ್ಕೆ ಕಡಲೆಹಿಟ್ಟು ಹಚ್ಚುವ ಉಪದೇಶ ಬಂತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ನಿಂತೇ ಹೋಯಿತು. ಕೊನೆಯ ಸಂಚಿಕೆಯಲ್ಲಿ ಎರಡೂ ಧಾರಾವಾಹಿಗಳನ್ನು ಅವಸರವಸರವಾಗಿ ಮುಗಿಸಿ, ಮುಕ್ತಾಯಗಳನ್ನು ಒಂದೇ ಹಾಳೆಯ ಎರಡು ಬದಿಗೆ ಅಚ್ಚು ಹಾಕಿದ್ದರು. ಹಾಳೆ ಅಮ್ಮನ ಪುಸ್ತಕ ಸೇರಿತು.

"ಜೆರಾಕ್ಸ್ ಮಾಡ್ಸಿ ಚಿಕ್ಕಮ್ಮಂಗೆ ಕಳಿಸ್ತೀನಿ" ಎಂದರೆ ಅಮ್ಮ, "ನೀ ಸುಮ್ನಿರು. ಬೇಕಂದ್ರೆ ಅವ್ಳೇ ಕೇಳ್ತಾಳೆ" ಎನ್ನುತ್ತಿದ್ದಳು. ಚಿಕ್ಕಮ್ಮನ ಫೋನ್ ಬಂದರೆ ಪುಸ್ತಕ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಇಬ್ಬರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ಫೋನಿನಲ್ಲಿ ಹಾಳೆಯದೇ ಜಗಳವಿರಬೇಕು ಎಂದುಕೊಂಡಿದ್ದೆ.

ಪುಸ್ತಕ ಚೀಲಕ್ಕೆ ಹಾಕಿ ಸೊರಬಕ್ಕೆ ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತೇ ಇತ್ತು. ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಈ ಹಾಳೆ ಕೊಟ್ಟುಬಿಟ್ಟರೆ ಆಮೇಲೆ ಚಿಕ್ಕಮ್ಮನಿಗೂ ನನಗೂ ಮಾತಾಡಲು ಏನು ಉಳಿಯುತ್ತದೆ ಎಂದು ಹೆದರಿಕೆಯಾಗಿತ್ತು.

ಕೊನೆಗೂ ಸೊರಬ ಮುಟ್ಟಿ ಪುಸ್ತಕ ಕೈಗಿಟ್ಟಾಗ ಚಿಕ್ಕಮ್ಮ ಕೊನೆಯ ಹಾಳೆ ತೆರೆದು ಸವರಿದಳು.

"ಕತ್ತರಿ ಕೊಡು, ದಾರ ಬಿಚ್ಚಿ ಕೊಡ್ತೀನಿ" ಎಂದೆ.

ಪುಸ್ತಕವನ್ನು ಎದೆಗೆ ಎಳೆದುಕೊಂಡಳು. "ಬ್ಯಾಡ ಮಾರಾಯ್ತಿ. ಇದು ನಂಗೆ ಬಾಯಿಪಾಠ ಆಗೈತೆ. ಬ್ಯಾಸರ ಆದಾಗೆಲ್ಲ ಫೋನ್ ಮಾಡಿ, ಅಕ್ಕಾ, ನನ್ನ ಪುಟ ಓದು ಅಂತಿದ್ದೆ. ಓದ್ತಿದ್ಲು."

ಚಿಕ್ಕಮ್ಮ ಪುಸ್ತಕವನ್ನು ತಾನೇ ನನ್ನ ಚೀಲಕ್ಕೆ ಹಾಕಿದಳು. "ವಾಪಸ್ ತಗಂಡು ಹೋಗು. ಮನೆ ಮುಟ್ಟಿ ಫೋನ್ ಮಾಡು. ಇನ್ಮೇಲೆ ನೀನೇ ಓದ್ಬೇಕು."

ಮನೆ ಮುಟ್ಟುವವರೆಗೆ ನನಗೆಲ್ಲಿಯ ತಾಳ್ಮೆ? ಬಸ್ಸು ಮತ್ತೆ ಶಿರಾಳಕೊಪ್ಪದಲ್ಲಿ ನಿಂತಾಗಲೇ ಫೋನ್ ಹಚ್ಚಿ, ಹಾಳೆ ತಿರುವಿ ಅವಳ ಪುಟ ಓದತೊಡಗಿದೆ. ಮೊದಲ ಸಾಲಿಗೇ ತಡವರಿಸಿ ನಿಂತೆ. ಮುಂದಿನ ಸಾಲನ್ನು ಆ ಕಡೆಯಿಂದ ಚಿಕ್ಕಮ್ಮನೇ ಹೇಳಿಕೊಟ್ಟಳು.