ಸಸಿಗೆ ಒಂದು ಗುಟುಕು

ಕಲಬುರಗಿಯ ನಮ್ಮ ಓಣಿಯವರೆಲ್ಲ ಪಕ್ಕದ ಮನೆಯ ಅಜ್ಜನನ್ನು ಮುತ್ಯಾ ಎಂದೇ ಕರೆಯುತ್ತಿದ್ದರು. ಪ್ರತಿ ಬೇಸಿಗೆಗೆ ಬರುವ ಮೂವರು ಮೊಮ್ಮಕ್ಕಳನ್ನು ಹಳೆಯ ಜೀಪಿಗೆ ಹತ್ತಿಸಿ, ಹೆಂಡತಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು, ಕೆಂಪು ಬಾಳೆಹಣ್ಣು ತಿನ್ನಿಸಲು ಕಮಲಾಪುರಕ್ಕೆ ಹೊರಡುವರು. ದಾರಿಯಲ್ಲಿ ನೆರಳೇ ಇಲ್ಲದ ಕೆಂಪು ಕಲ್ಲಿನ ಬಯಲು. ಮಕ್ಕಳಿಗೆ ಅದು ಮರುಭೂಮಿ. ಅಲ್ಲಿ ಮುತ್ಯಾ ನೆಟ್ಟ ಒಂದು ಬೇವಿನ ಸಸಿಯಿತ್ತು. ಮರಳುವಾಗ ಮಕ್ಕಳು ತಮ್ಮ ಬಾಟಲಿಯ ಕೊನೆಯ ನೀರನ್ನು ಅದಕ್ಕೆ ಹಾಕಬೇಕು.

"ಒಂದ್ ಗುಟುಕು ಉಳಸ್ರಿ," ಎಂದು ಜೀಪು ಹೊರಡುವ ಮೊದಲೇ ಹೇಳುವರು. ವರ್ಷಕ್ಕೊಮ್ಮೆ ಮೂರು ಗುಟುಕು ಕುಡಿದು ಯಾವ ಗಿಡ ಬದುಕೀತು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಬೇಸಿಗೆ ಮೊಮ್ಮಕ್ಕಳು ಬರಲಿಲ್ಲ, ರಜೆಯಲ್ಲೂ ಕ್ಲಾಸಂತೆ. "ನೀವಾದ್ರೂ ಬರ್ರಿ," ಎಂದು ಮುತ್ಯಾ ನನ್ನನ್ನು ಕರೆದರು. ಹಿಂದಿನ ಸೀಟಿನಲ್ಲಿ ಮೂರು ಬಾಟಲಿ ನೀರು ತುಂಬಿ ಇಟ್ಟಿತ್ತು.

"ರೂಢಿ ಮ್ಯಾಲ ತುಂಬೀನಿ ನೋಡ್ರಿ," ಎಂದರು ಅವರ ಹೆಂಡತಿ.

ಮುತ್ಯಾ ಜೀಪು ಹೊರಡಿಸಿದರು. ಮರಳುವಾಗ ಸಸಿಯ ಹತ್ತಿರ ಇಳಿದು, ಒಂದೊಂದು ಬಾಟಲಿಯಿಂದ ಒಂದೊಂದೇ ಗುಟುಕು ಸುರಿದು ಮುಚ್ಚಳ ಹಾಕಿದರು.

"ಎಲ್ಲಾ ಹಾಕ್ರಲ್ಲ," ಎಂದೆ.

"ಉಳದದ್ದು ಹುಡುಗುರು ಕುಡಿಯೂದದ," ಎಂದರು.

ಕಲಬುರಗಿ ಮುಟ್ಟುವವರೆಗೂ ಆ ಬಾಟಲಿಗಳು ನನ್ನ ತೊಡೆಗೆ ತಾಗುತ್ತಲೇ ಇದ್ದವು.