ಹುಳು ಮನೆಯಿಂದ ಜೀಪಿನವರೆಗೆ

ಮೊದಲ ಏಟು ಯಾರು ಹೊಡೆದರೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಮಟಮಟ ಮಧ್ಯಾಹ್ನ ಅದು ನಡೆಯಿತು. ಆದರೂ ಗೊತ್ತಿಲ್ಲ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದುವಾಗ, ಕಣ್ಣಾರೆ ಕಂಡೆ ಎನ್ನುವವನ ಮಾತನ್ನೇ ಮೊದಲು ಅನುಮಾನಿಸಬೇಕೆಂದು ಕಲಿತಿದ್ದೆ. ಅದು ಬೇರೆಯವರಿಗೆ ಅನ್ವಯಿಸುವ ಪಾಠ ಅಂದುಕೊಂಡಿದ್ದೆ.

ಅಕ್ಕನ ಊರು ದಿಬ್ಬೂರಹಳ್ಳಿಯಿಂದ ಸ್ವಲ್ಪ ಆಚೆ. ಆ ಭಾನುವಾರ ನಾನು ಚಿಕ್ಕಬಳ್ಳಾಪುರದಿಂದ ಹೋಗಿದ್ದೆ. ಅವಳ ಮಗ ಡಿಗ್ರಿ ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಾಗುತ್ತಿದ್ದ. ದಿನಾ ಬೆಳಗಾಗುವ ಮೊದಲೇ ಎದ್ದು ಓಡುತ್ತಿದ್ದ. ಊಟಕ್ಕೆ ಕೂತಾಗ, ಈ ದೇಶದ ಬಗ್ಗೆ ನನಗೆ ನಂಬಿಕೆ ಕಡಿಮೆಯಾಗುತ್ತಿದೆ ಎಂದೇನೋ ಹೇಳಿದೆ.

"ನೀವು ಓದಿದೋರು ಬರೀ ಅನುಮಾನ ಪಡ್ತೀರ ಮಾವ," ಅಂದ ಅವನು. "ಏನಾದ್ರೂ ಮಾಡೋದಿದ್ರೆ ನಾವೇ ಮಾಡಬೇಕು."

ಆ ಮಾತು ನನಗೆ ಹಿಡಿಸಿತು. ಅಕ್ಕ ಮಾತ್ರ ಮುದ್ದೆ ಬಡಿಸುತ್ತಾ, "ಸಾಯಂಕಾಲ ಹುಳ ಜ್ವರದಿಂದ ಏಳ್ತವೆ, ಸೊಪ್ಪು ಕೊಯ್ಯೋದು ಮೊದಲು ನೋಡಪ್ಪ ರಾಜ. ದೇಶ ಆಮೇಲೆ ನೋಡ್ಕೊಳ್ಳುವಂತೆ," ಅಂದಳು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳು ಮನೆಯ ಹತ್ತಿರ ಯಾರೂ ಜೋರಾಗಿ ಮಾತಾಡುವುದಿಲ್ಲ. ಹೊರಗಿನವರಂತೂ ಯಾವಾಗಲೂ ಒಳಗೆ ಕಾಲಿಡುವ ಹಾಗಿಲ್ಲ. ಮನೆಯವರಾದರೂ ಚಪ್ಪಲಿ ಬಿಟ್ಟು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಯೇ ಹೋಗಬೇಕು. ಇಲ್ಲವಾದರೆ ರೋಗ ತಗುಲಿ ಬೆಳೆಯೇ ಹೋಗುತ್ತದೆ.

ಆ ದಿನ ಊರಿಗೆ ಕೂದಲು ಕೊಳ್ಳುವವನೊಬ್ಬ ಬಂದಿದ್ದ. ಹೆಂಗಸರು ತಲೆ ಬಾಚುವಾಗ ಉದುರಿದ ಕೂದಲನ್ನು ಸುರುಳಿ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟಿರುತ್ತಾರೆ. ಅದನ್ನು ಕೊಟ್ಟರೆ ಲೋಟವೋ ತಟ್ಟೆಯೋ ಕೊಡುತ್ತಾನೆ. ಬೆಳಿಗ್ಗೆ ಅಕ್ಕನೂ ಒಂದು ಸೌಟು ತೆಗೆದುಕೊಂಡಿದ್ದಳು. ಒಂದು ಪುಟ್ಟ ಹುಡುಗಿ ತನ್ನ ಅಜ್ಜಿಯ ಮನೆಯಲ್ಲೂ ಕೂದಲಿದೆ, ತೋರಿಸುತ್ತೇನೆಂದು ಅವನ ಮೊಪೆಡ್ ಹತ್ತಿದಳು. ಅಷ್ಟೇ ನಡೆದದ್ದು.

ಅರಳಿಕಟ್ಟೆಯ ಹುಡುಗರ ಫೋನುಗಳಲ್ಲಿ ಆ ವಾರವೆಲ್ಲ ಒಂದು ವಿಡಿಯೊ ಸುತ್ತುತ್ತಿತ್ತು. ಮಕ್ಕಳನ್ನು ಕದಿಯುವವರು ಚಿಂತಾಮಣಿ ಕಡೆ, ಗೌರಿಬಿದನೂರು ಕಡೆ ಬಂದಿಳಿದಿದ್ದಾರೆಂದು ಅದರ ಕೆಳಗೆ ಬರೆದಿತ್ತು. ಯಾವ ದೇಶದ್ದೋ, ಅದರಲ್ಲಿ ಆಡುವ ಭಾಷೆ ನಾವು ಯಾರೂ ಕೇಳಿದ್ದಲ್ಲ. ಮೊಪೆಡ್ಡನ್ನು ಅಡ್ಡಗಟ್ಟಿದರು. ಹುಡುಗಿ ಹೆದರಿ ಕಿರುಚಿದಳು, ಅದೂ ಒಂದು ಸಾಕ್ಷಿಯಾಯಿತು. ಚೀಲ ಬಿಚ್ಚಿದರು. ಒಳಗೆ ಕೂದಲು. ಕಪ್ಪನೆಯದು, ನರೆತದ್ದು, ಎಣ್ಣೆ ಹತ್ತಿದ್ದು. ಕೂದಲಿನ ವ್ಯಾಪಾರಿಯ ಚೀಲದಲ್ಲಿ ಇನ್ನೇನಿರುತ್ತದೆ? ಆದರೆ ಒಬ್ಬ, "ಮಕ್ಕಳ ಕೂದಲು ನೋಡ್ರೋ," ಅಂದ. ಅವರ ಅಮ್ಮಂದಿರ ಕೂದಲೂ ಅದರಲ್ಲೇ ಇತ್ತು.

ಹಸಿ ಹಿಪ್ಪುನೇರಳೆ ಕೋಲು ಬಳುಕುತ್ತದೆ, ಬೇಗ ಮುರಿಯುವುದಿಲ್ಲ. ಮೊದಲು ಅವನ ಶರ್ಟು ಸೀಳಿತು, ಆಮೇಲೆ ಬೆನ್ನು. ಯಾರೋ ಅವನದೇ ಸ್ಟೀಲ್ ಕೊಡ ಎತ್ತಿ ಮುಖಕ್ಕೆ ಅಪ್ಪಳಿಸಿದರು. ಹಲ್ಲು ಮಣ್ಣಿಗೆ ಬಿದ್ದದ್ದನ್ನು ಕಂಡೆ ಎಂದು ನನ್ನ ನೆನಪು. ಅಷ್ಟು ದೂರದಿಂದ ಹಲ್ಲು ಕಾಣಿಸಲಾರದೆಂದು ನನಗೇ ಗೊತ್ತು. ಒಬ್ಬ ಬಿದ್ದವನ ಕೈಬೆರಳುಗಳ ಮೇಲೆ ನಿಂತು ವಿಡಿಯೊ ತೆಗೆಯುತ್ತಿದ್ದ. "ನೇನು ಕಾದನ್ನಾ, ವದ್ದನ್ನಾ," ಎನ್ನುತ್ತಿದ್ದ ಆತ. ನಾನಲ್ಲಣ್ಣ, ಬೇಡಣ್ಣ. ತೆಲುಗು ಬಾರದ ಹುಡುಗ ಅಲ್ಲಿ ಒಬ್ಬನೂ ಇರಲಿಲ್ಲ. ಅರ್ಧಕ್ಕರ್ಧ ಜನ ಮನೆಯಲ್ಲಿ ಆಡುವುದೇ ಅದು. ಆ ಗುಂಪಿನ ನಡುವೆ ನನ್ನ ಸೋದರಳಿಯ ಇದ್ದ. ಅವನ ತೋಳು ಮೇಲೇಳುವುದು, ಇಳಿಯುವುದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ನಾನು ಪೊಲೀಸರಿಗೆ ಫೋನ್ ಮಾಡುತ್ತಲೇ ಓಡಿದೆ. ನನ್ನ ಕೂಗು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಆತ ಹೇಗೋ ಎದ್ದು, ಅರ್ಧ ಓಡಿ ಅರ್ಧ ತೆವಳಿ ಅಕ್ಕನ ಅಂಗಳಕ್ಕೆ ಬಂದ. ಅಕ್ಕ ಹುಳು ಮನೆಯ ಬಾಗಿಲಲ್ಲಿದ್ದಳು. ಅವನ ಕೊರಳಪಟ್ಟಿ ಹಿಡಿದು ಒಳಗೆಳೆದಳು. ಹಿಂದೆಯೇ ನನ್ನನ್ನೂ. ನಮ್ಮ ಕಾಲಲ್ಲಿ ಚಪ್ಪಲಿಯಿತ್ತು, ಅವನ ಮೈಯಿಂದ ರಕ್ತ ಸುರಿಯುತ್ತಿತ್ತು. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅಲ್ಲಾಡದೆ ಕೂತಿದ್ದವು.

ಆಮೇಲಿನದನ್ನು ಬಾಗಿಲ ಸಂದಿಯಿಂದ ಕಂಡೆ. ಎಲ್ಲರಿಗಿಂತ ಮುಂದೆ ಓಡಿ ಬಂದವನು ಅಕ್ಕನ ಮಗ, ಕೈಯಲ್ಲಿ ಕೋಲು. ಹೊಸಲಿನ ಹತ್ತಿರ ಬಂದವನು ನಿಂತ. ಚಪ್ಪಲಿ ಬಿಟ್ಟ. ಬ್ಲೀಚಿಂಗ್ ನೀರಿನಲ್ಲಿ ಒಂದು ಕಾಲು ಅದ್ದಿದ, ಆಮೇಲೆ ಇನ್ನೊಂದು. ಅವನ ಹಿಂದೆ ಇನ್ನಿಬ್ಬರು ಚಪ್ಪಲಿ ಬಿಡುತ್ತಿದ್ದರು. ಆ ಹೊತ್ತಿಗೆ ಅಕ್ಕ ಚಿಲಕ ಹಾಕಿದಳು.

ಇದನ್ನು ಹೇಳಿದರೆ ಅಕ್ಕ ಒಪ್ಪುವುದಿಲ್ಲ. ಅವನು ತನ್ನ ಮುಖ ನೋಡಿ ನಿಂತ, ನೀರೂ ಇಲ್ಲ ಗೀರೂ ಇಲ್ಲ, ಅನ್ನುತ್ತಾಳೆ. ಅವನಿಗೆ ಆ ಗಳಿಗೆಯೇ ನೆನಪಿಲ್ಲವಂತೆ. ನಾನು ಕಂಡದ್ದು ನಿಜವಾದರೆ, ಒಬ್ಬನನ್ನು ಕೊಲ್ಲಲು ಒಳಗೆ ಬರುತ್ತಿದ್ದ ಹುಡುಗರು ಹುಳುಗಳಿಗೆ ಸೋಂಕು ತಗುಲದ ಹಾಗೆ ನೋಡಿಕೊಳ್ಳುತ್ತಿದ್ದರು. ನಾಳೆ ಈ ದೇಶವನ್ನು ಕೈಗೆ ತೆಗೆದುಕೊಳ್ಳುವವರು ಇವರೇ. ಚಿಕ್ಕಂದಿನಿಂದ ಕಲಿಸಿದ್ದು ಕೋಪದಲ್ಲೂ ಉಳಿಯುತ್ತದೆ ಎಂದು ಸಮಾಧಾನಪಡಬೇಕೋ, ನಾವು ಕಲಿಸಿದ್ದು ಅಷ್ಟೇ ಎಂದು ಹೆದರಬೇಕೋ, ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಬಾಗಿಲು ಬಡಿಯತೊಡಗಿದರು. ಕಿಟಕಿಯ ಸೊಳ್ಳೆ ಪರದೆ ಹರಿಯಿತು, ಒಂದು ಕಲ್ಲು ತಟ್ಟೆಯೊಂದರ ಮೇಲೆ ಬಿತ್ತು. ಆತ ನೀರು ಕೇಳಿದ, ಕುಡಿಸಿದರೆ ನೀರು ಕೆಂಪಾಗಿ ಹೊರಗೇ ಬಂತು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಕೊನೆಗೆ ಜೀಪು ಬಂತು. ಅದರಲ್ಲಿದ್ದವರು ಇಬ್ಬರೇ ಪೊಲೀಸರು. ಜನ ದಾರಿ ಬಿಡದೆ ಜೀಪು ಬೀದಿಯ ಕೊನೆಯಲ್ಲೇ ನಿಂತಿತು. ಒಬ್ಬ ಪೊಲೀಸ್ ಹೇಗೋ ನುಸುಳಿ ಬಂದು ಬೇಗ ಕರೆತನ್ನಿ ಅಂದ. ಅಲ್ಲಿಯವರೆಗೆ ಆತನನ್ನು ಜೀವಂತ ತಲುಪಿಸುವುದು ಹೇಗೆ ಎಂದು ಪೊಲೀಸಿನವನಿಗೂ ಗೊತ್ತಿರಲಿಲ್ಲ.

ಅಕ್ಕ ಬಾಗಿಲು ತೆಗೆದು ಮಗನನ್ನು ಕರೆದಳು. "ಬಾ ಇಲ್ಲಿ. ಎತ್ಕೋ ಇವನನ್ನ."

"ನಾನಾ?"

"ಇನ್ಯಾರು? ನಿನ್ನ ಮೈಗೆ ಅಂಟ್ಕೊಂಡಿದ್ರೆ ನಿನ್ನ ಫ್ರೆಂಡ್ಸು ಹೊಡಿಯಲ್ಲ."

"ಹೊಡೆದ್ರೆ?"

"ಹೊಡೆದ್ರೆ ತಿನ್ನು ಕಣೋ. ಅವನು ತಿಂದಿಲ್ವಾ?"

ಅವನು ಕೋಲು ಕೆಳಗೆ ಹಾಕಿ, ಆತನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಪೊಲೀಸಿನವನು ಮುಂದೆ, ನಾನೂ ಅಕ್ಕನೂ ಆಚೀಚೆ. ಅಕ್ಕನ ಲೆಕ್ಕ ತಪ್ಪಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ, ಬೆಳಿಗ್ಗೆ ಅವನ ಜೊತೆ ಓಡುವ ಹುಡುಗನೇ ಹಿಂದಿನಿಂದ ಅವನ ಕಿವಿಯ ಮೇಲೆ ಹೊಡೆದ. ಆಮೇಲೆ ಹೊಡೆತಗಳು ಯಾರದ್ದು ಯಾರಿಗೆಂದು ಹೇಳಲಾಗದು. ನನ್ನ ಭುಜಕ್ಕೂ ಬಿತ್ತು. ಜೀಪಿನ ಹತ್ತಿರ ತಲುಪಿದಾಗ ಇಬ್ಬರ ರಕ್ತವೂ ಒಂದಾಗಿ ಸೋದರಳಿಯನ ಬನಿಯನ್ ತೋಯಿಸಿತ್ತು.

ಆತ ಬದುಕಿದ. ಒಂದು ಕಣ್ಣು ಹೋಯಿತು. ಯಾರ್ಯಾರು ಹೊಡೆದರೆಂದು ವಿಚಾರಿಸಲು ಬಂದಾಗ ಅಕ್ಕ ಎಲ್ಲರಿಗಿಂತ ಮೊದಲು ಮಗನ ಹೆಸರನ್ನೇ ಹೇಳಿದಳು. ಜಾಮೀನಿನ ಮೇಲೆ ಬಂದ ಮೇಲೆ ಅವನು ಓಡುವುದನ್ನು ಬಿಟ್ಟಿದ್ದಾನೆ. ಕೇಸು ಇರುವವನಿಗೆ ಆ ಕೆಲಸ ಸಿಗುವುದಿಲ್ಲ. ಆ ಸಲದ ಹುಳುಗಳೆಲ್ಲ ರೋಗ ಬಂದು ಸತ್ತವು.

ಅವನು ಆತನನ್ನು ಎಲ್ಲೂ ಇಳಿಸದೆ ಜೀಪಿನವರೆಗೆ ಹೊತ್ತ ಎಂದೇ ನಾನು ಬಹಳ ಕಾಲ ಎಲ್ಲರಿಗೂ ಹೇಳುತ್ತಿದ್ದೆ. ಮೊನ್ನೆ ಅಕ್ಕ ತಡೆದಳು. ಕಿವಿಗೆ ಏಟು ಬಿದ್ದಾಗ ಆತನನ್ನು ನೆಲಕ್ಕೆ ಬಿಟ್ಟು ಪಕ್ಕಕ್ಕೆ ಸರಿದ, ಆಮೇಲೆ ಮತ್ತೆ ಎತ್ತಿಕೊಂಡ, ಅಂದಳು. ಸೋದರಳಿಯ ಅಲ್ಲೇ ಸೊಪ್ಪು ಕತ್ತರಿಸುತ್ತಿದ್ದ.

"ಅಮ್ಮ ಹೇಳಿದ್ದೇ ಸರಿ ಮಾವ. ಬಿಟ್ಟಿದ್ದೆ."

ಮತ್ತೆ ಯಾಕೆ ಎತ್ತಿದೆ ಎಂದು ಕೇಳಿದೆ.

"ನನ್ನ ಪ್ಯಾಂಟು ಹಿಡ್ಕೊಂಡಿದ್ದ ಅವನು."

ಬಿಡಿಸಿಕೊಂಡು ಹೋಗಬಹುದಿತ್ತಲ್ಲ ಅಂದೆ. ಅವನು ಕತ್ತರಿಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದ. "ಹೌದು," ಅಂದ, "ಹೋಗಬಹುದಿತ್ತು."