ಲೋಡಿನ ಮೇಲಿನ ಮರಿತಾಯಮ್ಮ

ಚಾಮರಾಜನಗರದ ಹೊರಗೆ, ಸತ್ಯಮಂಗಲದ ರಸ್ತೆ ಬದಿಯಲ್ಲಿ ಈರುಳ್ಳಿ ಲಾರಿಗಳು ಸಾಲಾಗಿ ನಿಂತಿವೆ. ರಾತ್ರಿ ಮುಚ್ಚಿದ ಕಾಡಿನ ಗೇಟು ಇನ್ನೂ ತೆರೆದಿಲ್ಲ. ಈಗಷ್ಟೇ ಬೆಳಕು ಹರಿಯುತ್ತಿದೆ. ಪುಷ್ಯಮಾಸದ ಚಳಿಗೆ ಡ್ರೈವರುಗಳೆಲ್ಲ ಟೀ ಅಂಗಡಿಯ ಒಲೆ ಬಿಟ್ಟು ಕದಲುತ್ತಿಲ್ಲ. ಒಬ್ಬಾಕೆ ಮಾತ್ರ ಸೀರೆಯ ಮೇಲೆ ಗಂಡಸರ ಶರಟು ತೊಟ್ಟು, ಲೋಡಿನ ತುದಿಯಲ್ಲಿ ಮಂಡಿಯೂರಿ, ಟಾರ್ಪಾಲಿನ ಅಂಚನ್ನು ಮೂಟೆಗಳ ಅಡಿಗೆ ತುರುಕುತ್ತಿದ್ದಾರೆ. ಇವರು ಉಡಿಗಾಲದ ಮರಿತಾಯಮ್ಮ. ತವರು ಗುಂಡ್ಲುಪೇಟೆ ಕಡೆ. ಲಾರಿಗೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು ಇವರ ಕಸುಬು. ದಿನಕ್ಕೆ ಮೂರೋ ನಾಲ್ಕೋ ಲಾರಿ.

"ಎಂಗ್ಸು ಮ್ಯಾಲಕ್ ಅತ್ತಿದ್ ಲಾರಿ ಊರು ಸೇರಕಿಲ್ಲ ಅಂತಾರೆ ಸಾ. ನಾನ್ ಕಟ್ಟಿದ್ದು ಯಾವ್ದು ಸೇರ್ನಿಲ್ಲ ಅಂತ ಅವ್ರುನ್ನೇ ಕೇಳಿ," ಎಂದು ಮೇಲಿನಿಂದಲೇ ಮಾತು ತೆಗೆಯುತ್ತಾರೆ.

ಕ್ಯಾಬಿನ್ನಿನಲ್ಲಿ ದೇವರ ಪಟವಿದೆ, ಅದರ ತಲೆಯ ಮೇಲೆ ಹೆಂಗಸು ಕಾಲಿಡಬಾರದು ಎಂಬುದು ಇಲ್ಲಿನ ಕೆಲವು ಲಾರಿಯವರ ವಾದ. ಗಂಡಸಿನ ಕಾಲಾದರೆ ದೇವರಿಗೆ ತೊಂದರೆಯಿಲ್ಲವಂತೆ. ಯಾವ ದೇವರು ಹಾಗೆಂದನೋ ನನಗಂತೂ ಗೊತ್ತಿಲ್ಲ. ಈಗ ಹೊಸ ಮಾಲೀಕನೊಬ್ಬ ಅದನ್ನೇ ಹಟವಾಗಿ ಹಿಡಿದಿದ್ದಾನೆ. ಮರಿತಾಯಮ್ಮ ಇನ್ನು ಮುಂದೆ ಕೆಳಗೆ ನಿಂತು ಹಗ್ಗದ ತುದಿ ಹಿಡಿದುಕೊಂಡರೆ ಸಾಕು, ಮೇಲೆ ಬೇರೆ ಆಳು ಹತ್ತುತ್ತಾನೆ ಎಂದು ನಿನ್ನೆ ಹೇಳಿಕಳಿಸಿದ್ದಾನೆ.

ಈ ಕೆಲಸ ಮೊದಲು ಗಂಡ ರಾಚಯ್ಯನವರದು. ಇಬ್ಬನಿಯಲ್ಲಿ ನೆಂದ ಟಾರ್ಪಾಲಿನ ಮೇಲೆ ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈಗ ಮನೆಯಲ್ಲೇ ಕುಳಿತು ಹರಿದ ಟಾರ್ಪಾಲು ಹೊಲಿಯುತ್ತಾರೆ. ಅವರು ಆಸ್ಪತ್ರೆಯಲ್ಲಿದ್ದಾಗಲೇ ಹೆಂಡತಿ ಲೋಡು ಹತ್ತತೊಡಗಿದ್ದರು.

"ಒಲೆ ಉರೀಬೇಕಲ್ಲ ಸಾ. ಅಳ್ತಾ ಕುಂತ್ರೆ ಉರೀತದಾ?"

ಮೊದಲ ಚಳಿಗಾಲದಲ್ಲೇ ಪೆಟ್ಟು ತಿಂದರು. ತಮಿಳುನಾಡಿನ ನಾಗಪಟ್ಟಣದ ಕಡೆ ಹೋದ ಲೋಡಿನ ಟಾರ್ಪಾಲು ಕಡಲ ದಂಡೆಯಲ್ಲಿ ಕಿತ್ತುಹೋಗಿ, ಈರುಳ್ಳಿಯೆಲ್ಲ ಮಳೆಗೆ ನೆಂದು ಕೊಳೆಯಿತು. ಡ್ರೈವರ್ ಮೃತ್ಯುಂಜಯ ವಾಪಸು ಬಂದವನೇ ಹರಿದ ಟಾರ್ಪಾಲನ್ನು ಅವರ ಮುಂದೆ ಎಸೆದ. ಮರಿತಾಯಮ್ಮ ಕೇಳಿದ್ದು ಒಂದೇ ಮಾತು: "ಅದ್ಯಾವ್ ಗಾಳಿನಪ್ಪ ಅದು, ನಂಗೂ ತೋರ್ಸು ಬಾ."

ಮುಂದಿನ ಲೋಡಿಗೆ ಅವನ ಪಕ್ಕದಲ್ಲಿ ಕುಳಿತು ಹೊರಟೇಬಿಟ್ಟರು. ಊರಿನವರು ಬಾಯಿಗೆ ಬಂದಂತೆ ಆಡಿಕೊಂಡರು. ರಾಚಯ್ಯ ಮಾತ್ರ, "ಓಗು, ನೋಡ್ಕಂಡ್ ಬಾ. ಇಷ್ಟು ವರ್ಸ ಕಟ್ಟಿವ್ನಿ, ನಾನೇ ಆ ಗಾಳಿ ನೋಡಿಲ್ಲ," ಎಂದರಂತೆ.

ಚಳಿಗಾಲದಲ್ಲಿ ಉತ್ತರದ ತಣ್ಣನೆಯ ಗಾಳಿ ಒಮ್ಮೊಮ್ಮೆ ದಂಡೆತ್ತಿ ಬಂದಂತೆ ಬಂಗಾಳ ಕೊಲ್ಲಿಯನ್ನು ದಾಟಿ ಬರುತ್ತದೆ. ಕೆಳಗೆ ಸಮುದ್ರ ಬೆಚ್ಚಗಿರುತ್ತದೆ. ನೀರಿನ ಬಿಸಿ ತಾಗಿದ ಗಾಳಿ ಒಲೆಯ ಮೇಲಿನ ಎಸರಿನಂತೆ ಕುದಿದು ಮೇಲೇಳುತ್ತದೆ. ಎತ್ತರದಲ್ಲಿ ಜೋರಾಗಿ ಓಡುತ್ತಿದ್ದ ಗಾಳಿ ತನ್ನ ವೇಗದ ಸಮೇತ ಆ ಜಾಗಕ್ಕೆ ಇಳಿಯುತ್ತದೆ. ಅದಕ್ಕೇ ದಂಡೆಯಲ್ಲಿ ಅದು ಒಂದೇ ಸಮನೆ ಬೀಸುವುದಿಲ್ಲ, ಬಿಟ್ಟು ಬಿಟ್ಟು ಬಡಿಯುತ್ತದೆ.

ಮರಿತಾಯಮ್ಮ ಅದನ್ನು ಮೈಯಲ್ಲೇ ಕಂಡರು. "ನಮ್ಮೂರ್ ಗಾಳಿ ತಳ್ತದೆ ಸಾ, ಅದು ಒಡೀತದೆ. ಒಂದ್ ಏಟು ಕೊಟ್ಟು ಸುಮ್ಕಾಯ್ತದೆ. ಆಗ ಅಗ್ಗ ಸಡ್ಲ ಆಯ್ತದೆ. ಆ ಸಡ್ಲದಾಗೇ ಇನ್ನೊಂದ್ ಏಟು ಬೀಳ್ತದೆ."

ಅಲ್ಲಿಯವರೆಗೆ ಇಡೀ ಲೋಡಿಗೆ ಒಂದೇ ಉದ್ದನೆಯ ಹಗ್ಗ. ಒಂದು ಕಡೆ ಸಡಿಲಾದರೆ ಎಲ್ಲ ಕಡೆಯೂ ಸಡಿಲು. ವಾಪಸು ಬಂದ ಮೇಲೆ ಮರಿತಾಯಮ್ಮ ಹಗ್ಗವನ್ನು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಗಂಟು ಹಾಕತೊಡಗಿದರು. ಕ್ಯಾಬಿನ್ನಿನ ಕಡೆಯ ಅಂಚನ್ನು ಮಡಿಚಿ ಮೂಟೆಯ ಕೆಳಗೆ ಸಿಗಿಸಿದರು. ಹೀಗೆ ಕಟ್ಟಬೇಕಾದರೆ ಲೋಡಿನ ಉದ್ದಗಲಕ್ಕೂ ಓಡಾಡಲೇಬೇಕು. ಕೆಳಗೆ ನಿಂತು ಆಗುವ ಕೆಲಸವಲ್ಲ.

ಅಷ್ಟರಲ್ಲಿ ಆ ಹೊಸ ಮಾಲೀಕನ ಏಜೆಂಟ್ ರಾಜಶೇಖರ್ ಬೈಕಿನ ಹಿಂದೆ ಹೊಸ ಆಳನ್ನು ಕೂರಿಸಿಕೊಂಡು ಬರುತ್ತಾರೆ.

"ಮರಿತಾಯಮ್ಮ, ನಿನ್ನೆನೇ ಹೇಳಿರ್ಲಿಲ್ವಾ? ಇಳಿ ಕೆಳಕ್ಕೆ."

"ಅರ್ಧ ಕಟ್ಟಿವ್ನಿ. ಅರ್ಧಕ್ಕೆ ಬುಟ್ಟು ಇಳ್ಯೋಳಲ್ಲ ನಾನು."

"ಓನರು ನನ್ನ ಬಯ್ತಾರೆ ಕಣಮ್ಮ."

"ಬಯ್ಸ್ಕಳಿ. ನಾನೂ ಬಯ್ಸ್ಕಂಡೇ ಕಲ್ತಿದ್ದು."

ಟೀ ಲೋಟ ಹಿಡಿದು ನಿಂತ ಮೃತ್ಯುಂಜಯ ನಗುತ್ತಾನೆ. ಹೊಸ ಆಳು ಇಬ್ಬನಿಯಿಂದ ಒದ್ದೆಯಾದ ಲೋಡನ್ನು ತಲೆಯೆತ್ತಿ ನೋಡಿ, ಬೈಕಿನ ಬಳಿಯೇ ನಿಲ್ಲುತ್ತಾನೆ. ರಾಜಶೇಖರ್ ಮಾಲೀಕನಿಗೆ ಫೋನು ಹಚ್ಚಿ ದೂರ ಸರಿಯುತ್ತಾರೆ. ಮರಿತಾಯಮ್ಮ ಕೊನೆಯ ಗಂಟು ಬಿಗಿದು, ಅದರ ಮೇಲೆ ಮೈಭಾರ ಬಿಟ್ಟು ಜಗ್ಗಿ ನೋಡಿ, ಆಮೇಲೆ ಇಳಿಯುತ್ತಾರೆ. ಅಂಗೈ ತುಂಬ ಹಗ್ಗದ ಬರೆ. ಗೇಟು ತೆರೆಯುವ ಹೊತ್ತಾಗಿದೆ, ಲಾರಿ ಹೊರಡುತ್ತದೆ.

"ಇವತ್ತಿನ್ದು ಆಯ್ತು. ನಾಳೆ ಬಿಡ್ತಾರೋ ಇಲ್ವೋ ನನ್ನ ಕೈಲಿಲ್ಲಮ್ಮ," ಎಂದು ಹೇಳಿ ರಾಜಶೇಖರ್ ಹೋಗುತ್ತಾರೆ.

ನಾಳೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಮರಿತಾಯಮ್ಮ ಮುಂದಿನ ಲಾರಿಯ ಟಾರ್ಪಾಲನ್ನು ಹೆಗಲಿಗೇರಿಸುತ್ತಾರೆ.

"ಲೋಡ್ ಅತ್ತೇ ಅತ್ತೀನಿ. ನನ್ನ ಇಳಿಸ್ಬೇಕು ಅನ್ನೋರು ಪೋನಲ್ಲಿ ಏಳದಲ್ಲ ಸಾ, ಮ್ಯಾಲಕ್ ಬರ್ಲಿ. ಅಲ್ಲಿ ನಿಂತ್ಕಂಡು ಒಂದೇ ಒಂದ್ ಅಗ್ಗ ಬಿಗ್ದು ತೋರ್ಸ್ಲಿ. ನಾನೇ ಇಳ್ದೋಯ್ತೀನಿ."